ನಡುವೆ ಕೂತು ಕೇಳುವವರು

ಮರವನೇರಿ, ಸೇಲಂ
ಜೂನ್ 9, 2024

ಪ್ರೀತಿಯ ಧನಲಕ್ಷ್ಮಿಗೆ,

ಗಂಗೂಬಾಯಿ ಬರೆಯುತ್ತಿದ್ದೇನೆ. ಯಾವ ಗಂಗೂಬಾಯಿ ಅಂತ ಕೇಳಬೇಡ. ಸೇಲಂ ಟ್ರಂಕ್ ಎಕ್ಸ್‌ಚೇಂಜಿನಲ್ಲಿ, ಕಾಲ್ ಜೋಡಿಸುವ ಬೋರ್ಡಿನ ಮುಂದೆ, ನಾಲ್ಕು ವರ್ಷ ನಿನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಬುಕಿಂಗ್ ಚೀಟಿಗಳ ಬೆನ್ನ ಮೇಲೆ ನಿನಗೆ ಅಆಇಈ ತಿದ್ದಿಸಿದವಳು. ಈ ಅಕ್ಷರ ಓದಲು ಬರುತ್ತಿದೆ ತಾನೇ? ಮರೆತಿದ್ದರೆ ತಪ್ಪು ನಿನ್ನದು, ಮೇಷ್ಟ್ರದ್ದಲ್ಲ.

ಹೋದ ಮಂಗಳವಾರ ಹೊಸ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಬೋರ್ಡಿನ ಮೀನಾ ಸಿಕ್ಕಿದಳು. ಇಬ್ಬರೂ ಕಾಫಿ ಕುಡಿಯುತ್ತಿದ್ದಾಗ ಅವಳ ಫೋನು ಟಿಣ್ ಅಂತು. ನೋಡಿದಳು, ನಕ್ಕಳು, ಫೋನನ್ನು ಮಗುಚಿಟ್ಟಳು. ಇಪ್ಪತ್ತು ವರ್ಷ ಬೋರ್ಡಿನ ಮುಂದೆ ಕೂತವಳಿಗೆ ಅಷ್ಟು ಸಾಲದೇ? ಬಾಯಿ ಬಿಡಿಸಿದೆ. ನೀನು, ಮೀನಾ, ನಮ್ಮ ಸೂಪರ್‌ವೈಸರ್ ಮುನಿಲಕ್ಷ್ಮಮ್ಮ, ಮೂವರೂ ಸೇರಿ ಯಾವುದೋ ಗುಟ್ಟಿನ ಆಪಿನಲ್ಲಿ ಗುಂಪು ಮಾಡಿಕೊಂಡಿದ್ದೀರಂತೆ. ಗುಂಪಿನ ಹೆಸರು 'ಬೋರ್ಡು' ಅಂತೆ. ಮುನಿಲಕ್ಷ್ಮಮ್ಮ ಎಂಬತ್ತಮೂರರಲ್ಲೂ ದಿನಾ ಬೆಳಿಗ್ಗೆ ಹಾಜರಿ ತೆಗೆದುಕೊಳ್ಳುತ್ತಾರಂತೆ. ಕೇಳಿ ಸಂತೋಷವಾಯಿತು. ಆಮೇಲೆ ಮನೆಗೆ ಬಂದು ಬೇಜಾರಾಯಿತು. ಬೋರ್ಡಿಗೆ ಕುರ್ಚಿ ನಾಲ್ಕಿದ್ದವು.

ನಿನ್ನ ಫೋನ್ ನಂಬರ್ ಕೇಳಿದೆ. 'ಅವಳನ್ನು ಕೇಳದೆ ಕೊಡಲ್ಲ, ವಿಳಾಸ ಬೇಕಾದರೆ ತಗೊಳ್ಳಿ' ಅಂದಳು. ಆಗ ಅಂದುಕೊಂಡೆ, ಸರಿ, ಮೂವತ್ತೇಳು ವರ್ಷದ ಮೇಲೆ ಮಾತಾಡಿಸುವುದಕ್ಕೆ ಕಾಗದವೇ ಸರಿ ಅಂತ.

ನನ್ನ ವಿಷಯ ಹೇಳುತ್ತೇನೆ. ಮದುವೆ ಆಗಲಿಲ್ಲ, ಅದು ನಿನಗೆ ಗೊತ್ತಿದೆ. ಅಣ್ಣ ವೆಂಕಣ್ಣನ ಮನೆಯಲ್ಲಿ ಮೇಲಿನ ಕೋಣೆ, ಪೆನ್ಷನ್, ತುಳಸಿ ಗಿಡ, ಸುಖವಾಗಿದ್ದೇನೆ. ಒಂದೇ ಕಾಟ, ನಮ್ಮ ಕುಟುಂಬದ ಗುಂಪು. ನಲವತ್ತಾರು ಜನ. ಬೆಳಗಾದರೆ ಹೂವಿನ ಚಿತ್ರ, ಸುಭಾಷಿತ, ಯಾರದೋ ಸೀಮಂತ. ಮಾರ್ಚಿನಲ್ಲಿ ನನಗೆ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಕಟ್ಟಿಕೊಂಡು ಬಾಯಿ ತೆರೆದು ಮಲಗಿದ್ದ ನನ್ನ ಫೋಟೋವನ್ನು ಅಣ್ಣನ ಮಗ ಹೃಷೀಕೇಶ ಅದರಲ್ಲಿ ಹಾಕಿಬಿಟ್ಟ. ತಂಜಾವೂರಿನಿಂದ ಯಾರೋ, ಹೆಸರೂ ತಿಳಿಯದವರು, ಕ್ಯಾರೆಟ್ ತಿನ್ನಿ ಅಂದರು. ಆವತ್ತೇ ತೀರ್ಮಾನಿಸಿದೆ, ನನಗೂ ಒಂದು ಸಣ್ಣ ಗುಂಪು ಬೇಕು, ನಾಲ್ಕೇ ಜನ ಇರುವಂಥದ್ದು.

ಸುತ್ತಿ ಬಳಸಿ ಯಾಕೆ? ನನ್ನನ್ನು ಸೇರಿಸಿಕೊಳ್ಳುತ್ತೀಯಾ?

ಉತ್ತರದ ದಾರಿ ನೋಡುವ,
ಗಂಗಕ್ಕ


ಕಾರಿಮಂಗಲಂ
ಜುಲೈ 14, 2024

ಗಂಗಕ್ಕನಿಗೆ ನಮಸ್ಕಾರ.

ನಿಮ್ಮ ಕಾಗದ ಬಂದು ಮೂರು ವಾರ ಮೇಲಾಯಿತು. ನಾವು ಎಲ್ಲರೂ ಚೆನ್ನಾಗಿದ್ದೇವೆ. ಹೋದ ವರ್ಷ ರಿಟೈರ್ ಆದೆ. ಎಪ್ಪತ್ತು ಕುರಿ ಇವೆ. ಮಗ ಗೋವಿಂದರಾಜ್ ಧರ್ಮಪುರಿಯಲ್ಲಿ ಕೆಲಸದಲ್ಲಿದ್ದಾನೆ, ದಿನಾ ಬೈಕಿನಲ್ಲಿ ಹೋಗಿ ಬರುತ್ತಾನೆ.

ಅಕ್ಷರ ಮರೆತಿಲ್ಲ. ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದುವವಳು ನಾನೊಬ್ಬಳೇ. ನಮ್ಮ ಮನೆಯವರು ಶಿವರಾಮ ನಿಮ್ಮ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, 'ಇದೇನೇ ಇದು, ಜಿಲೇಬಿ ಸುತ್ತಿದಂಗೈತೆ' ಅಂದರು. ಗೋವಿಂದರಾಜ್ ನೋಡಿ, 'ಅಮ್ಮಾ, ನಿನ್ಗೆ ಆಪೇ ಬೇಕಿಲ್ಲ. ಇದ್ನ ಪೊಲೀಸ್ನೋರು ಬಂದ್ರೂ ಓದಕ್ಕಾಗಲ್ಲ' ಅಂದ. ನಿಜ. ಮೂರು ವಾರದಿಂದ ಅದು ಬಿಚ್ಚಿಕೊಂಡು ಟಿವಿ ಮುಂದೆಯೇ ಇದೆ, ಯಾರಿಗೂ ಏನೂ ತಿಳಿದಿಲ್ಲ.

ಗುಂಪು ಇರುವುದು ನಿಜ. ಮೊದಲು ಎಲ್ಲರೂ ಇಟ್ಟುಕೊಳ್ಳುವ ಆಪಿನಲ್ಲೇ ಇತ್ತು, ಹಳೇ ಆಫೀಸಿನವರು ಇಪ್ಪತ್ತು ಜನ ಇದ್ದರು. ಮೀನಾ ತನ್ನ ಮಗಳ ಸಂಸಾರದ ಕಷ್ಟ ಅದರಲ್ಲಿ ಒಂದು ಸಲ ಹೇಳಿಕೊಂಡಳು. ಯಾರೋ ಅವಳ ದನಿಯನ್ನೇ ಹಾಗೇ ಎತ್ತಿ ಬೇರೆ ಕಡೆ ಕಳಿಸಿದರು. ಅದು ಅಳಿಯನ ಮನೆ ತಲುಪಿತು. ಆಮೇಲೆ ಗೋವಿಂದರಾಜ್ ನಾಲ್ಕು ದಿನ ಹುಡುಕಿ ಈ ಆಪ್ ಆರಿಸಿಕೊಟ್ಟ. ಆಡಿದವರಿಗೂ ಕೇಳಿದವರಿಗೂ ನಡುವೆ ಕೂತು ಕೇಳುವವರು ಯಾರೂ ಇರಬಾರದು ಅಂತಲೇ ಇದನ್ನು ಇಟ್ಟುಕೊಂಡಿದ್ದು.

ಅದಕ್ಕೆ ನೀವು ಬರುತ್ತೇನೆ ಅನ್ನುತ್ತೀರಿ. ನಾನು ಏನು ಹೇಳಲಿ ಅಕ್ಕ, ನೀವೇ ಹೇಳಿ.

ಇಲ್ಲ ಅನ್ನುತ್ತಿಲ್ಲ. ಹೂಂ ಅಂತಲೂ ಅನ್ನುತ್ತಿಲ್ಲ.

ಇಂತಿ,
ಧನಲಕ್ಷ್ಮಿ


ಮರವನೇರಿ, ಸೇಲಂ
ಜುಲೈ 28, 2024

ಪ್ರೀತಿಯ ಧನಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ನಾನೇ. ನೋಡಿಕೊಂಡೆ. ಬೂದಿ ಇನ್ನೂ ಹಾಗೇ ಇದೆ.

ನೀನು ಬಾಯಿ ಬಿಟ್ಟು ಹೇಳಲಿಲ್ಲ, ನಾನೇ ಹೇಳುತ್ತೇನೆ. ಬರೆದು ನೋಡದೆ ಇದು ನನಗೂ ಪೂರ್ತಿ ತಿಳಿಯುವುದಿಲ್ಲ.

1987, ಆಗಸ್ಟ್. ಮಧ್ಯಾಹ್ನದ ಶಿಫ್ಟು. ನೀನು ರಜೆಯಲ್ಲಿದ್ದೆ, ಮದುವೆ ಮಾತು ನಡೆಯುತ್ತಿದೆ ಅಂತ ನಾಚಿಕೊಂಡು ಹೇಳಿ ಹೋಗಿದ್ದೆ. ಮೊರಪ್ಪೂರಿನಿಂದ ತಿರುಪತ್ತೂರಿಗೆ ಒಂದು ಅರ್ಜೆಂಟ್ ಕಾಲ್. ಹೆಸರು ಹೇಳಿದಾಗಲೇ ನನಗೆ ಗೊತ್ತಾಯಿತು, ನಿನಗೆ ನೋಡಿದ್ದ ಗಂಡಿನ ಅಪ್ಪ. ಲೈನ್ ಕೊಟ್ಟೆ. 'ಪೇಸುಂಗ' ಅಂದೆ, ಮಾತಾಡಿ ಅಂತ. ಆಮೇಲೆ ಏನು ಮಾಡಬೇಕು ಅಂತ ನಿನಗೆ ಗೊತ್ತು. ನಮಗೆ ಕೇಳಿಸುವ ಕೀಯನ್ನು ಹಿಂದಕ್ಕೆ ತಳ್ಳಿ ಮುಚ್ಚಬೇಕು, ಅವರ ಮಾತು ಅವರಿಗೆ. ಮುನಿಲಕ್ಷ್ಮಮ್ಮ ಮೊದಲ ದಿನ ಕಲಿಸಿದ್ದೇ ಅದು. ನಾನು ಮುಚ್ಚಲಿಲ್ಲ.

ಆ ಮನುಷ್ಯ, ತನ್ನ ಮಗನಿಗೆ ತಿರುಪತ್ತೂರಿನಲ್ಲಿ ಮೊದಲೇ ಇದ್ದ ಹೆಂಗಸಿನ ಅಣ್ಣನ ಹತ್ತಿರ ಮಾತಾಡಿದ. 'ಅವಳೂ ಮಗುವೂ ಇನ್ನೊಂದು ಆರು ತಿಂಗಳು ಈ ಕಡೆ ತಲೆ ಹಾಕಬಾರದು. ಇಲ್ಲಿ ಮದುವೆ ಮುಗಿಯಲಿ, ಆಮೇಲೆ ನೋಡೋಣ' ಅಂದ. ಮೂರು ನಿಮಿಷ. ಪೂರ್ತಿ ಕೇಳಿದೆ.

ಮಾರನೆಯ ದಿನ ಬೆಳಿಗ್ಗೆಯೇ ಬಸ್ ಹತ್ತಿ ಕಾರಿಮಂಗಲಕ್ಕೆ ಬಂದೆ. ನಿಮ್ಮಪ್ಪ ದೊಡ್ಡಣ್ಣ ಕುರಿ ರೊಪ್ಪದ ಹತ್ತಿರ ಇದ್ದರು. ಅಲ್ಲೇ ನಿಂತು ಎಲ್ಲ ಒದರಿಬಿಟ್ಟೆ. 'ಕುತ್ಕಳಮ್ಮ, ಬಿಸಿಲಾಗೆ ಬಂದಿದ್ದೀಯ' ಅಂತ ಮಜ್ಜಿಗೆ ತರಿಸಿಕೊಟ್ಟರು. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡು ಸಂಜೆ ಬಸ್ಸಿಗೆ ವಾಪಸು ಬಂದೆ.

ನಿಮ್ಮಲ್ಲಿ ಕಂಬಳಿ ಹಾಸಿ, ಹತ್ತು ಜನರ ಮುಂದೆ ಅದರ ಮೇಲೆ ವೀಳ್ಯ ಬದಲಾಯಿಸಿಬಿಟ್ಟರೆ ಮಾತು ಮುಗಿದಂತೆ, ಅದನ್ನು ಮುರಿಯುವವರು ಕಂಬಳಿಯನ್ನು ತಾವೇ ಮಡಚಿ ಎತ್ತಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ. ಹಿಂದಿನ ದಿನವೇ ವೀಳ್ಯ ಆಗಿತ್ತು ಅಂತಲೂ ಗೊತ್ತಿರಲಿಲ್ಲ. ನಾನು ಮಧ್ವರ ಮನೆಯ ಹುಡುಗಿ, ನಮ್ಮಲ್ಲಿ ಜಾತಕ ವಾಪಸು ಕೊಟ್ಟರೆ ಮುಗಿಯಿತು. ಇದೆಲ್ಲ ವರ್ಷದ ಮೇಲೆ ಮೀನಾ ಹೇಳಿದಳು. ಅಷ್ಟು ಹೊತ್ತಿಗೆ ನೀನು ಧರ್ಮಪುರಿಗೆ ಟ್ರಾನ್ಸ್‌ಫರ್ ತಗೊಂಡು ಹೋಗಿ ಆಗಿತ್ತು. ನಿನ್ನ ಲಾಕರಿನಲ್ಲಿ ನಾನು ತಿದ್ದಿಸಿದ ಚೀಟಿಗಳ ಕಟ್ಟು ಉಳಿದಿತ್ತು.

ನಿನ್ನ ಮದುವೆಗೆ ನೀನು ಪತ್ರಿಕೆ ಕಳಿಸಿದೆ. ಒಳಗೆ ಒಂದು ಸಾಲೂ ಇರಲಿಲ್ಲ. ನಾನೂ ಬರಲಿಲ್ಲ.

ನಾನು ಮಾಡಿದ್ದು ಸರಿ ಅಂತ ಬಹಳ ವರ್ಷ ವಾದ ಮಾಡಿದೆ, ನನ್ನ ಜೊತೆಯಲ್ಲೇ. ಒಂದು ಹುಡುಗಿ ಬಾವಿಗೆ ಬೀಳುವುದನ್ನು ನೋಡಿಕೊಂಡು ಕೀ ಮುಚ್ಚಿ ಕೂರಬೇಕಿತ್ತೇ? ನೀನು ಹೇಳು.

ನಿನ್ನ,
ಗಂಗಕ್ಕ


ಕಾರಿಮಂಗಲಂ
ಸೆಪ್ಟೆಂಬರ್ 22, 2024

ಗಂಗಕ್ಕನಿಗೆ,

ತಡವಾಯಿತು. ಕುರಿಗಳಿಗೆ ಕಾಲುಬಾಯಿ ಬೇನೆ ಬಂದಿತ್ತು, ಈಗ ಸರಿಹೋಗಿವೆ. ಒಂದು ಮರಿಯೂ ಹೋಗಲಿಲ್ಲ. ನಮ್ಮ ಮನೆಯವರಿಗೆ ಅದೇ ದೊಡ್ಡ ಹಬ್ಬ.

ನಿಮ್ಮ ಕಾಗದ ನಾಲ್ಕು ಸಲ ಓದಿದೆ. ನೀವು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ಮದುವೆ ಮುರಿದದ್ದಕ್ಕೆ ನನಗೆ ಕೋಪ ಇಲ್ಲ. ಯಾವತ್ತೂ ಇರಲಿಲ್ಲ. ಆ ಮನೆಗೆ ಹೋಗಿದ್ದರೆ ನನ್ನ ಗತಿ ಏನಾಗುತ್ತಿತ್ತು ಅಂತ ನನಗೆ ಗೊತ್ತು. ಈಗ ಇರುವವರು ಒಳ್ಳೆಯವರು. ಮೂವತ್ತೈದು ವರ್ಷದಲ್ಲಿ ನನ್ನ ಮೇಲೆ ಕೈಯೆತ್ತಿದ್ದಿಲ್ಲ, ಕುಡಿದದ್ದಿಲ್ಲ. ಕುರಿಗೆ ನನ್ನ ಹೆಸರು ಇಡುತ್ತಾರೆ, ಅದೊಂದು ಬಿಟ್ಟರೆ ದೂರಿಲ್ಲ.

ಅಪ್ಪ ಕಂಬಳಿ ಎತ್ತಿದ್ದು ಹೇಗೆ ಅಂತ ನಿಮಗೆ ಗೊತ್ತಿಲ್ಲ. ಊರವರನ್ನೂ ಗಂಡಿನ ಕಡೆಯವರನ್ನೂ ಕರೆಸಿ ಅದೇ ಕಂಬಳಿ ಮತ್ತೆ ಹಾಸಿದರು. ಯಾಕೆ ಬೇಡ ಅಂತ ಎಲ್ಲರೂ ಕೇಳಿದರು. ಅಪ್ಪ ಹೇಳಲಿಲ್ಲ. ಹೇಳಿದರೆ ಯಾರು ಹೇಳಿದ್ದು ಅಂತ ಕೇಳುತ್ತಾರೆ, ಫೋನಿನಲ್ಲಿ ಕದ್ದು ಕೇಳಿದ್ದು ಅಂತ ಹೊರಗೆ ಬಂದರೆ ನಿಮ್ಮ ಕೆಲಸ ಹೋಗುತ್ತದೆ. 'ನನ್ನ ಮನ್ಸು ಒಪ್ಲಿಲ್ಲ. ಆಸಿದ ಕಂಬಳಿ ನಾನೇ ಮಡಚ್ತೀನಿ, ತಪ್ಪು ನನ್ದೇ' ಅಂದರು. ಮಡಚಿ ಹೆಗಲ ಮೇಲೆ ಹಾಕಿಕೊಂಡು ಬಂದರು. ಮಾತು ತಪ್ಪಿದವನು ಅಂತ ಆಮೇಲೆ ಬಹಳ ದಿನ ಯಾರೂ ಅವರನ್ನು ಪಂಚಾಯಿತಿಗೆ ಕರೆಯಲಿಲ್ಲ. ಸಾಯುವವರೆಗೂ ನಿಮ್ಮ ಹೆಸರು ಅವರ ಬಾಯಲ್ಲಿ ಬರಲಿಲ್ಲ. ನನಗೆ ಹೇಳಿದ್ದು ಅಮ್ಮ.

ನನಗೆ ಕೋಪ ಬಂದದ್ದು ಒಂದಕ್ಕೇ. ನನ್ನ ಬದುಕಿನ ಮಾತು ನಿಮ್ಮ ಕಿವಿಗೆ ಬಿತ್ತು. ನನಗೆ ಹೇಳದೆ ಅಪ್ಪನಿಗೆ ಹೇಳಿದಿರಿ. ನಾನು ಇಪ್ಪತ್ತನಾಲ್ಕು ವರ್ಷದವಳು, ಸರ್ಕಾರಿ ಕೆಲಸದವಳು, ಆ ಹೊತ್ತಿನಲ್ಲಿ ರೊಪ್ಪದ ಹಿಂದೆ ಸೊಪ್ಪು ಕಟ್ಟುತ್ತಿದ್ದೆ. ಹತ್ತು ಹೆಜ್ಜೆ. ನೀವು ಮಜ್ಜಿಗೆ ಕುಡಿದು ಹೋದದ್ದು ನಾನು ನೋಡಿದೆ, ಸುಮ್ಮನೆ ಬಂದು ಹೋದಿರಿ ಅಂದುಕೊಂಡೆ. ನನ್ನನ್ನು ಮಾತಾಡಿಸದೆ ಹೋದಿರಲ್ಲ ಅಂತ ಬೇಜಾರು ಮಾಡಿಕೊಂಡೆ. ಅಷ್ಟೇ ನನಗೆ ಗೊತ್ತಿದ್ದದ್ದು.

ಮೀನಾಳೂ ಮುನಿಲಕ್ಷ್ಮಮ್ಮನವರೂ ನಿಮ್ಮನ್ನು ಸೇರಿಸು ಅನ್ನುತ್ತಿದ್ದಾರೆ. ನಾನೇ ತಡೆದಿರುವುದು. ಇನ್ನೊಂದು ವಿಷಯವೂ ಇದೆ. ಅದನ್ನು ಬರೆಯಲು ಇವತ್ತು ಆಗುವುದಿಲ್ಲ.

ಧನಲಕ್ಷ್ಮಿ


ಮರವನೇರಿ, ಸೇಲಂ
ಅಕ್ಟೋಬರ್ 6, 2024

ಪ್ರೀತಿಯ ಧನಾ,

ತಪ್ಪಾಯಿತು. ನಿನಗೆ ಹೇಳಬೇಕಿತ್ತು. ನಿನ್ನ ಮುಖ ನೋಡಿ ಹೇಳಲು ಧೈರ್ಯ ಬರಲಿಲ್ಲ, ಅದಕ್ಕೆ ನಿಮ್ಮಪ್ಪನ ಹತ್ತಿರ ಹೋದೆ. ಹುಡುಗಿಯ ವಿಷಯ ಅಪ್ಪನಿಗೆ ಹೇಳುವುದೇ ಮರ್ಯಾದೆ ಅಂತ ನೆಪ ಮಾಡಿಕೊಂಡೆ. ನೀನು ರೊಪ್ಪದ ಹಿಂದೆ ಇದ್ದೆ ಅಂತ ಇವತ್ತು ಗೊತ್ತಾಯಿತು. ನಿಮ್ಮಪ್ಪ ನನ್ನ ಕೆಲಸ ಉಳಿಸಲು ಅಷ್ಟು ಹೊತ್ತುಕೊಂಡರು ಅಂತಲೂ ಗೊತ್ತಿರಲಿಲ್ಲ. ಅವರಿಗೆ ಕೈ ಮುಗಿಯಲು ಈಗ ಅವರಿಲ್ಲ. ನಿನಗೆ ಮುಗಿಯುತ್ತಿದ್ದೇನೆ.

ಗುಂಪಿಗೆ ಸೇರಿಸು ಅಂತ ಇನ್ನು ಕೇಳುವುದಿಲ್ಲ. ಆದರೂ ಇಲ್ಲಿ ನಡೆದದ್ದನ್ನು ಹೇಳದೆ ಇರಲಾರೆ, ನೀನು ನಗಬೇಕು.

ಹೃಷೀಕೇಶನ ಮಗಳು ಹರಿಪ್ರಿಯಾ ಕಾಲೇಜಿಗೆ ಹೋಗುತ್ತಾಳೆ, ತುಂಬ ಜಾಣೆ. 'ಅತ್ತಜ್ಜಿ, ನಿಮಗೆ ಪ್ರೈವೇಟ್ ಆಪ್ ತಾನೇ ಬೇಕು' ಅಂತ ನನ್ನ ಫೋನಿನಲ್ಲಿ ನಾಲ್ಕು ತಂದು ಕೂರಿಸಿದಳು. ಒಂದು ಹಸಿರು, ಎರಡು ನೀಲಿ, ಒಂದು ಕಪ್ಪು. ಯಾವುದು ಒಳ್ಳೆಯದು ಅಂದರೆ, 'ಎಲ್ಲದರಲ್ಲೂ ಬೀಗ ಇದೆ, ನಿಮ್ಮ ಮಾತು ಕಂಪನಿಯವರಿಗೂ ಕೇಳಿಸಲ್ಲ' ಅಂದಳು. ನಾನು ಕೇಳಿದೆ, 'ಮಾತು ಕೇಳಿಸಲ್ಲ, ಸರಿ. ಚೀಟಿ ಯಾರ ಹತ್ತಿರ ಇರುತ್ತೆ?' ಅವಳಿಗೆ ಅರ್ಥವಾಗಲಿಲ್ಲ.

ನಿನಗೆ ಆಗುತ್ತದೆ. ನಾವು ಮಾತು ಕೇಳದಿದ್ದರೂ ಟ್ರಂಕ್ ಚೀಟಿ ನಮ್ಮ ಕೈಯಲ್ಲೇ ಇರುತ್ತಿತ್ತಲ್ಲ. ಯಾರು, ಯಾರಿಗೆ, ಎಷ್ಟು ಗಂಟೆಗೆ, ಎಷ್ಟು ನಿಮಿಷ. ಎರಡನೇ ಅಗ್ರಹಾರದ ಆ ದೊಡ್ಡ ಮನುಷ್ಯ ಪ್ರತಿ ಶುಕ್ರವಾರ ಹೆಂಡತಿ ದೇವಸ್ಥಾನಕ್ಕೆ ಹೋದ ಹೊತ್ತಿಗೆ ಸರಿಯಾಗಿ ನಾಮಕ್ಕಲಿಗೆ ಕಾಲ್ ಬುಕ್ ಮಾಡುತ್ತಿದ್ದದ್ದು ನೆನಪಿದೆಯಾ? ಕದ್ದು ಕೇಳಬೇಕಿತ್ತೇ ನಾವು? ಚೀಟಿ ಸಾಲದೇ? ಇದನ್ನು ಹರಿಪ್ರಿಯಾಗೆ ಹೇಳಿದೆ. ಆಮೇಲೆ ಎರಡು ದಿನ ಅದನ್ನೇ ಓದಿ ಬಂದು, 'ಅತ್ತಜ್ಜಿ, ಚೀಟಿ ಇಟ್ಟುಕೊಳ್ಳದೇ ಇರೋದು ಈ ನಾಲ್ಕರಲ್ಲಿ ಒಂದೇ' ಅಂತ ಒಂದು ನೀಲಿಯನ್ನು ಉಳಿಸಿ ಮೂರನ್ನು ಕಿತ್ತು ಹಾಕಿದಳು. ಮೀನಾಳನ್ನು ಕೇಳಿದೆ. ನಿಮ್ಮದೂ ಅದೇ ಅಂತೆ. ಗೋವಿಂದರಾಜನಿಗೆ ನನ್ನ ಶಭಾಷ್ ಹೇಳು.

ಮನೆಯವರೂ ಒಂದು ಸಣ್ಣ ಗುಂಪು ಮಾಡಿಕೊಂಡು ಆ ಆಪಿಗೇ ಬಂದರು, ಐದೇ ಜನ. ವೆಂಕಣ್ಣನಿಗೆ ಮಾತ್ರ ಸಮಾಧಾನ ಇಲ್ಲ. 'ಇದರಲ್ಲಿ ಬೆಳಿಗ್ಗೆ ಎದ್ದರೆ ಒಬ್ಬನೂ ಒಂದು ಹೂವು ಕಳಿಸೋದಿಲ್ಲವಲ್ಲ, ಯಾರಾದರೂ ಹೋಗಿಬಿಟ್ಟರೋ ಏನೋ ಅನ್ನಿಸುತ್ತೆ' ಅಂತಾನೆ. ಅವನಿಗೋಸ್ಕರ ನಾನೇ ದಿನಾ ಒಂದು ದಾಸವಾಳದ ಫೋಟೋ ಕಳಿಸುತ್ತಿದ್ದೇನೆ.

ಇನ್ನೊಂದು ವಿಷಯ ಇದೆ ಅಂದೆಯಲ್ಲ. ಬರೆಯಬೇಕು ಅನ್ನಿಸಿದಾಗ ಬರಿ, ಬೇಡ ಅನ್ನಿಸಿದರೆ ಬಿಡು. ನಾನು ಯಾರನ್ನೂ ಕೇಳುವುದಿಲ್ಲ.

ನಿನ್ನ,
ಗಂಗಕ್ಕ


ಸೇಲಂ
ಡಿಸೆಂಬರ್ 15, 2024

ಧನಾ, ಎರಡು ತಿಂಗಳಾಯಿತು. ಕಾಗದ ಇಲ್ಲ. ಮೀನಾ, 'ಚೆನ್ನಾಗಿದ್ದಾಳೆ, ದಿನಾ ಹಾಜರಿ ಹೇಳುತ್ತಾಳೆ' ಅಂದಳು. ಅಷ್ಟು ತಿಳಿದರೆ ಸಾಕು. ಇದು ಕಾರ್ಡು, ನಿಮ್ಮ ಪೋಸ್ಟ್‌ಮ್ಯಾನೂ ಓದಬಹುದು, ಅದಕ್ಕೆ ಇಷ್ಟೇ. ಗಂಗಕ್ಕ.


ಕಾರಿಮಂಗಲಂ
ಜನವರಿ 19, 2025

ಗಂಗಕ್ಕನಿಗೆ ನಮಸ್ಕಾರ.

ನಿಮ್ಮ ಕಾರ್ಡನ್ನು ಪೋಸ್ಟ್‌ಮ್ಯಾನ್ ಶಕ್ತಿವೇಲ್ ಓದಲಿಲ್ಲ. ನಮ್ಮ ಮನೆಯವರಿಗೆ ಕೊಟ್ಟು, 'ನಿಮ್ಮ ಜಿಲೇಬಿ ಬಂದಿದೆ' ಅಂದನಂತೆ. ಊರಿಗೆಲ್ಲ ಈಗ ಇದಕ್ಕೆ ಅದೇ ಹೆಸರು.

ಪೊಂಗಲ್ ಮುಗಿಯಿತು. ಕುರಿಗಳಿಗೆ ಬಣ್ಣ ಹಾಕಿ, ಹೊಸ ಗಂಟೆ ಕಟ್ಟಿದೆವು. ಮನೆ ತುಂಬ ಜನ ಇದ್ದರು. ಎಲ್ಲರೂ ಹೋದ ಮೇಲೆ ಇವತ್ತು ಕೂತು ಬರೆಯುತ್ತಿದ್ದೇನೆ. ಇದನ್ನು ಬರೆಯದೆ ನಿಮ್ಮನ್ನು ಗುಂಪಿಗೆ ಸೇರಿಸಿದರೆ ದಿನಾ ಬೆಳಿಗ್ಗೆ ನಿಮ್ಮ ಹೆಸರು ನೋಡಬೇಕು. ಅದು ನನ್ನಿಂದ ಆಗುವುದಿಲ್ಲ. ನಿಮ್ಮನ್ನು ಹೊರಗೆ ಇಟ್ಟದ್ದು ಕೋಪಕ್ಕಲ್ಲ, ಇದಕ್ಕೆ.

1985ರಲ್ಲಿ ನಿಮ್ಮನ್ನು ನೋಡಲು ಈರೋಡಿನಿಂದ ಒಬ್ಬರು ಬಂದಿದ್ದರು, ಬ್ಯಾಂಕಿನಲ್ಲಿ ಕೆಲಸ. ನಿಮಗೆ ಅವರು ಇಷ್ಟವಾಗಿದ್ದರು. ನೀವು ಹೇಳಲಿಲ್ಲ, ಆದರೆ ನಮಗೆಲ್ಲ ಕಾಣುತ್ತಿತ್ತು. ಸೋಮವಾರ ಬೆಳಿಗ್ಗೆ ಈರೋಡಿನಿಂದ ಸೇಲಂಗೆ ಒಂದು ಕಾಲ್ ಬಂತು. ನನ್ನ ಬೋರ್ಡಿಗೆ ಬಂತು. ಹುಡುಗನ ಮಾವ ಇಲ್ಲಿ ನಿಮ್ಮ ನೆಂಟರಿಗೆ ಹೇಳಿದರು, 'ಹುಡುಗಿ ಕೆಲಸಕ್ಕೆ ಹೋಗುವವಳು, ಶಿಫ್ಟು ಅಂತೆ, ನಮಗೆ ಬೇಡ. ನಿಧಾನವಾಗಿ ತಿಳಿಸಿ.' ನಾನೂ ಕೀ ಮುಚ್ಚಿರಲಿಲ್ಲ ಅಕ್ಕ. ನಿಮ್ಮ ಹೆಸರು ಕೇಳಿದ ಮೇಲೆ ಕೈ ಬರಲಿಲ್ಲ.

ನೀವು ಪಕ್ಕದ ಕುರ್ಚಿಯಲ್ಲೇ ಇದ್ದಿರಿ. ಗಿಳಿಹಸಿರು ಸೀರೆ ಉಟ್ಟಿದ್ದಿರಿ, ಹೊಸದು. ಮಂಗಳವಾರ ಮೈಸೂರ್‌ಪಾಕು ಮಾಡಿ ತಂದು ಎಲ್ಲರಿಗೂ ಹಂಚಿದಿರಿ. ಯಾಕೆ ಅಂದರೆ ಸುಮ್ಮನೆ ಅಂದಿರಿ. ನಾನು ಎರಡು ತಿಂದೆ. ಬುಧವಾರ ನನಗೆ ಒತ್ತಕ್ಷರ ಹೇಳಿಕೊಟ್ಟಿರಿ, 'ಅಕ್ಕ' ಅಂತ ಬರೆಸಿದಿರಿ. ನಾನು ಬರೆದೆ. ಬಾಯಿ ಬಿಡಲಿಲ್ಲ. ಗುರುವಾರ ನೀವು ಕೆಲಸಕ್ಕೆ ಬರಲಿಲ್ಲ.

ನಿಯಮ ಪಾಲಿಸಿದೆ, ಬೋರ್ಡಿನಲ್ಲಿ ಕೇಳಿದ್ದು ಬೋರ್ಡಿನಲ್ಲೇ ಇರಬೇಕು ಅಂತ ಆಗ ಅಂದುಕೊಂಡೆ. ಎರಡು ವರ್ಷದ ಮೇಲೆ ನೀವು ನನ್ನ ವಿಷಯ ಅಪ್ಪನಿಗೆ ಹೇಳಿದಾಗ, ನಾನು ಮಾಡಿದ್ದೇ ಸರಿ, ಇವರು ನಿಯಮ ಮುರಿದವರು ಅಂತ ಸಿಟ್ಟು ಮಾಡಿಕೊಂಡೆ. ಆ ಸಿಟ್ಟು ನನಗೆ ಅನುಕೂಲವಾಗಿತ್ತು. ವಯಸ್ಸಾದಂತೆ ಅದು ನಿಲ್ಲಲಿಲ್ಲ. ನೀವು ಹೇಳಬಾರದವರಿಗೆ ಹೇಳಿದಿರಿ, ಆದರೂ ಬಸ್ಸು ಹತ್ತಿ ಬಂದಿರಿ. ನಾನು ಪಕ್ಕದಲ್ಲಿ ಕೂತು ಮೈಸೂರ್‌ಪಾಕು ತಿಂದೆ. ಇದರಲ್ಲಿ ಯಾವುದು ದೊಡ್ಡ ತಪ್ಪು ಅಂತ ನನಗೆ ಗೊತ್ತಿಲ್ಲ.

ಇದನ್ನು ಓದಿದ ಮೇಲೆ ಗುಂಪು ಬೇಡ ಅನ್ನಿಸಿದರೆ ನಾನು ಏನೂ ಅಂದುಕೊಳ್ಳುವುದಿಲ್ಲ.

ಧನಲಕ್ಷ್ಮಿ


ಮರವನೇರಿ, ಸೇಲಂ
ಫೆಬ್ರವರಿ 2, 2025

ಧನಾ,

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಅತ್ತೆ. ಮುಚ್ಚುಮರೆ ಯಾಕೆ, ಅಡುಗೆಮನೆಯಲ್ಲಿ ನಿಂತು ಅತ್ತೆ. ವೆಂಕಣ್ಣ ಬಂದು, 'ಏನೇ ಗಂಗೂ, ಈರುಳ್ಳಿನಾ' ಅಂದ. ಏಕಾದಶಿ ದಿನ ನಮ್ಮ ಮನೆಯಲ್ಲಿ ಈರುಳ್ಳಿ ಎಲ್ಲಿಂದ ಬರಬೇಕು? ಅವನಿಗೂ ಹೊಳೆಯಿತು, ಒಂದು ಲೋಟ ನೀರು ಕೊಟ್ಟು ಹೋದ.

ಈಗ ಸಮಾಧಾನವಾಗಿದೆ. ಕೇಳು.

ಆ ಸೀರೆ ಇನ್ನೂ ಇದೆ. ಆ ಈರೋಡಿನವನ ಮುಖ ಮರೆತೇಹೋಗಿದೆ, ಹೆಸರು ಕೂಡ ನಿನ್ನೆ ನೆನಪು ಮಾಡಿಕೊಳ್ಳಬೇಕಾಯಿತು. ಆದರೆ ಸೋಮವಾರ, ಮಂಗಳವಾರ, ಬುಧವಾರ ಚೆನ್ನಾಗಿ ನೆನಪಿವೆ. ಬೋರ್ಡಿನ ಮುಂದೆ ಕೂತು, ಬಂದ ಕಾಲ್‌ಗಳಿಗೆಲ್ಲ ಹಾಡಿನಂತೆ 'ಪೇಸುಂಗ' ಅನ್ನುತ್ತಿದ್ದೆ. ಮುನಿಲಕ್ಷ್ಮಮ್ಮ ಬೈದರು. ಆ ಮನೆಯ ಜಗಲಿ ಹೇಗಿರಬಹುದು, ಅವರಿಗೆ ಹುಳಿ ಇಷ್ಟವೋ ಸಾರು ಇಷ್ಟವೋ ಅಂತೆಲ್ಲ ಯೋಚಿಸಿದೆ. ನನ್ನ ಆಯುಸ್ಸಿನಲ್ಲಿ ಮದುವೆಯ ಹೆಣ್ಣಾಗಿ ಇದ್ದದ್ದು ಅಂದರೆ ಆ ಮೂರು ದಿನ. ನೀನು ಸೋಮವಾರವೇ ಹೇಳಿದ್ದರೆ ಅದೂ ಇರುತ್ತಿರಲಿಲ್ಲ.

ಆ ಮೂರು ದಿನ ನೀನು ಕೊಟ್ಟದ್ದು ಅಂತ ಈಗ ಗೊತ್ತಾಯಿತು. ತಪ್ಪು ಅಂತ ಹೇಳಿ ಅದನ್ನು ವಾಪಸು ಕೇಳಬೇಡ. ನಾನು ಕೊಡುವುದಿಲ್ಲ.

ಮೈಸೂರ್‌ಪಾಕು ಎರಡು ತಿಂದೆ ಅಂತ ಬರೆದಿದ್ದೀಯ. ನೀನು ನಾಲ್ಕು ತಿಂದಿದ್ದೆ. ಎಣಿಸುವುದು ನನ್ನ ಕೆಟ್ಟ ಅಭ್ಯಾಸ.

ಗುಂಪು ಬೇಕು. ಇವತ್ತಿಗೂ ಬೇಕು. ಆದರೆ ಹರಿಪ್ರಿಯಾ ಒಂದು ಮಾತು ಹೇಳಿದಳು. ಆ ಆಪಿನಲ್ಲಿ ಇಬ್ಬರ ನಡುವೆ ನಿಜವಾಗಿ ಯಾರೂ ಕೂತಿಲ್ಲ ಅಂತ ಖಾತ್ರಿ ಆಗಬೇಕಾದರೆ, ಇಬ್ಬರ ಫೋನಿನಲ್ಲೂ ಅರವತ್ತು ಅಂಕಿ ಬರುತ್ತದಂತೆ. ಎದುರಾ ಎದುರು ಕೂತು ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡಬೇಕಂತೆ. ಈ ಕಾಲದ ಮಕ್ಕಳು ಯಾರೂ ನೋಡುವುದಿಲ್ಲವಂತೆ, ಸುಮ್ಮನೆ ನಂಬುತ್ತಾರಂತೆ. ನಾವು ಹಾಗೆ ಮಾಡುವವರಾ? ನಂಬರ್ ತಿರುಗಿ ಓದಿಸದೆ ಒಂದು ಕಾಲ್ ಕೊಟ್ಟದ್ದಿದೆಯಾ ನಾವು?

ಕಾರಿಮಂಗಲದಲ್ಲಿ ರೈಲಿಲ್ಲ, ನನ್ನ ಮಂಡಿಗೆ ಬಸ್ಸು ಆಗುವುದಿಲ್ಲ. ಮೊರಪ್ಪೂರು ಸ್ಟೇಷನ್ನಿಗೆ ಬಾ. ಫೆಬ್ರವರಿ 23, ಭಾನುವಾರ, ಬೆಳಗಿನ ಪ್ಯಾಸೆಂಜರಿಗೆ ನಾನೂ ಹರಿಪ್ರಿಯಾನೂ ಇಳಿಯುತ್ತೇವೆ. ಆ ಊರಿನ ಹೆಸರು ಕೇಳಿದರೆ ನಿನಗೂ ನನಗೂ ಏನನ್ನಿಸುತ್ತದೆ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ.

ಗಿಳಿಹಸಿರು ಸೀರೆ ಉಡುತ್ತೇನೆ. ಗುರುತು ಸಿಗಲಿ ಅಂತ.

ನಿನ್ನ,
ಗಂಗಕ್ಕ


ಕಾರಿಮಂಗಲಂ
ಮಾರ್ಚ್ 2, 2025

ಪ್ರೀತಿಯ ಅಕ್ಕನಿಗೆ,

ನೀವು ಸುಖವಾಗಿ ಸೇಲಂ ತಲುಪಿದ್ದು ಗುಂಪಿನಲ್ಲೇ ಗೊತ್ತಾಯಿತು. ನಾಲ್ಕನೆಯ ಹೆಸರು ಬಂದದ್ದು ನೋಡಿ ಮುನಿಲಕ್ಷ್ಮಮ್ಮ, 'ಗಂಗೂಬಾಯಿ, ಲೇಟ್' ಅಂತ ಹಾಕಿದ್ದು ನೋಡಿ ನಾನು ನಕ್ಕ ನಗೆಗೆ ನಮ್ಮ ಮನೆಯವರು ಹಿತ್ತಲಿಂದ ಓಡಿ ಬಂದರು. 'ಏನಾಯ್ತೇ' ಅಂದರು. ಏನೂ ಇಲ್ಲ, ಆಫೀಸು ಅಂದೆ. 'ರಿಟೈರ್ ಆಗಿ ಎರಡ್ ವರ್ಸ ಆಗ್ತಾ ಬಂತು, ಇನ್ನೂ ಎಂತಾ ಆಪೀಸು' ಅಂತ ಗೊಣಗಿಕೊಂಡು ಹೋದರು. ನೀವು ತಂದುಕೊಟ್ಟ ಮೈಸೂರ್‌ಪಾಕಿನ ಡಬ್ಬಿ ಅಷ್ಟು ಹೊತ್ತಿಗೆ ಅರ್ಧ ಮಾಡಿದ್ದರು.

ಹಳೇ ಚೀಟಿಗಳ ಕಟ್ಟನ್ನೂ ನೀವು ಇಟ್ಟುಕೊಂಡಿದ್ದಿರಿ ಅಂತ ನಾನು ಅಂದುಕೊಂಡಿರಲಿಲ್ಲ. ಗೋವಿಂದರಾಜ್ ನೋಡಿ, ತನ್ನ ಮಗಳಿಗೆ ಹೇಳಿಕೊಡು ಅಂದ. ನಿನ್ನೆ ಶುರು ಮಾಡಿದೆ. ಅವಳು ತಮಿಳಿನಲ್ಲೇ ಪ್ರಶ್ನೆ ಕೇಳುತ್ತಾಳೆ, ಪರವಾಗಿಲ್ಲ, ಕೈ ಚೆನ್ನಾಗಿ ತಿರುಗುತ್ತದೆ.

ಇದನ್ನು ಕಾಗದದಲ್ಲಿ ಬರೆಯುವುದಕ್ಕೆ ಕಾರಣ ಇದೆ. ಗುಂಪಿನಲ್ಲಿ ಮೀನಾಳೂ ಓದುತ್ತಾಳೆ. ಇದು ನಿಮಗೊಬ್ಬರಿಗೆ.

ಮೊರಪ್ಪೂರಿನಲ್ಲಿ ಆ ಕಲ್ಲುಬೆಂಚಿನ ಮೇಲೆ ನೀವು ಕನ್ನಡಕ ಏರಿಸಿಕೊಂಡು ಓದಲು ಶುರು ಮಾಡಿದಿರಿ. ಡಬಲ್ ಫೋರ್, ಸೆವೆನ್, ನಾಟ್, ತ್ರೀ. ಅದೇ ದನಿ ಅಕ್ಕ. ನಾನು ತಿರುಗಿ ಹೇಳಿದೆ. ನಾಲ್ಕನೆಯ ಸಾಲಿಗೆ ಗೂಡ್ಸ್ ಗಾಡಿ ಬಂತು, 'ಲೈನ್ ಡಿಸ್ಟರ್ಬ್' ಅಂತ ನಿಲ್ಲಿಸಿದಿರಿ, ಐವತ್ತು ಡಬ್ಬಿ ಹೋಗುವವರೆಗೂ ಬೆರಳನ್ನು ಅದೇ ಅಂಕಿಯ ಮೇಲೆ ಇಟ್ಟುಕೊಂಡಿದ್ದಿರಿ. ಹರಿಪ್ರಿಯಾ, 'ಸ್ಕ್ಯಾನ್ ಮಾಡಿದರೆ ಒಂದು ಸೆಕೆಂಡು, ಅತ್ತಜ್ಜಿ' ಅಂದಳು. ನೀವು ಅವಳ ಕಡೆ ನೋಡಲೂ ಇಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದಿರಿ. ಅರವತ್ತೂ ಸರಿ ಬಂದವು.

ಆಗ ನೀವು, 'ಲೈನ್ ಸಿಕ್ಕಿತು, ಪೇಸುಂಗ' ಅಂದಿರಿ. ಹರಿಪ್ರಿಯಾ, ನನ್ನ ಜೊತೆ ಬಂದಿದ್ದ ಗೋವಿಂದರಾಜ್, ಇಬ್ಬರೂ ನಕ್ಕರು. ನೀವೂ ನಕ್ಕಿರಿ.

ಅದಾದ ಮೇಲೆ ಏನು ಮಾಡಿದಿರಿ ಅಂತ ನಿಮಗೆ ಗೊತ್ತಿಲ್ಲ, ನಾನು ನೋಡಿದೆ. ನಿಮ್ಮ ಬಲಗೈ ಹೆಬ್ಬೆರಳು ಬೆಂಚಿನ ಅಂಚಿಗೆ ಹೋಗಿ, ಇಲ್ಲದ ಕೀಯನ್ನು ಹಿಂದಕ್ಕೆ ತಳ್ಳಿ ಮುಚ್ಚಿತು.

ನಿಮ್ಮ ತಂಗಿ,
ಧನಾ